ದಾರಿ ಹೇಳಿದವರ ಬುತ್ತಿ

“ಗುರುಗಳೇ, ಹೋಗಿ ನೋಡುವ ಮೊದಲೇ, ಹೋಗಬೇಕಾದ ಊರು ಯಾವುದೆಂದು ತಿಳಿಯುವುದು ಹೇಗೆ?”

ಕೇಳಿದವನು ಪಾಯಣ್ಣ. ಕೇಳಿದ್ದು ದೇವಲವ್ವೆಯವರನ್ನು. ಕೆರೆಯ ಏರಿಯ ಪಕ್ಕದ ಪಾಠಶಾಲೆಗೆ ದೇವಲವ್ವೆಯವರೇ ಗುರು. ಮರುದಿನ ಬೆಳಗಿನಿಂದ ಪಾಠಶಾಲೆಗೆ ಸುಗ್ಗಿಯ ರಜೆ. ಸಂಜೆಯ ಪಾಠ ಮುಗಿದಿತ್ತು. ಶಿಷ್ಯರು ಮೆಟ್ಟಿಲ ಮೇಲೆ ಕೂತು, ಯಾರು ಎಲ್ಲಿಗೆ ಹೋಗುವುದು, ಎಲ್ಲಿ ಏನು ನೋಡುವುದು ಎಂದು ಮಾತಾಡುತ್ತಿದ್ದರು.

“ಬೆಟ್ಟಕ್ಕೆ ಹೋಗು, ಪಾಯಣ್ಣ. ಬೆಳಗಿನಲ್ಲೇ ಹತ್ತು. ಬಿಸಿಲೇರಿದರೆ ಬಂಡೆ ಕಾಲು ಸುಡುತ್ತದೆ,” ಎಂದಿದ್ದ ಕೇತಣ್ಣ.

“ಬೆಟ್ಟದಲ್ಲಿ ಏನಿದೆ, ಬರೀ ಕೋತಿಗಳು! ನದಿಗೆ ಹೋಗು,” ಎಂದಿದ್ದ ಬೊಪ್ಪಣ್ಣ.

“ಅದೂ ಸರಿಯೇ. ಕೋತಿಯನ್ನು ನೋಡಲು ಇವನು ಅಷ್ಟು ದೂರ ಯಾಕೆ ಹೋಗಬೇಕು? ನೀನಿದ್ದೀಯಲ್ಲ,” ಎಂದಿದ್ದ ಕೇತಣ್ಣ.

ಎಲ್ಲರೂ ನಕ್ಕಿದ್ದರು. ನಕ್ಕ ಮೇಲೆ ಕೇತಣ್ಣ ತನ್ನ ಊರುಗೋಲನ್ನು ಪಾಯಣ್ಣನಿಗೆ ಕೊಟ್ಟಿದ್ದ. ಬೊಪ್ಪಣ್ಣ ಓಲೆಯ ಕೊಡೆಯನ್ನು ಕೊಟ್ಟಿದ್ದ. ಮತ್ತೊಬ್ಬ ಕಂಬಳಿ ತಂದಿಟ್ಟಿದ್ದ. ಎಲ್ಲವೂ ಪಾಯಣ್ಣನ ಕೋಣೆ ಸೇರಿದ್ದವು. ಹಿಂದಿನ ಎರಡು ರಜೆಗಳಲ್ಲಿ ಪಾಯಣ್ಣ ಪಾಠಶಾಲೆಯ ಪಡಸಾಲೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಈ ಸಲ ಹೋಗಲೇಬೇಕು ಎಂದುಕೊಂಡಿದ್ದ. ಅದಕ್ಕೇ ಆ ಪ್ರಶ್ನೆ.

ದೇವಲವ್ವೆಯವರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಮಗ್ಗದ ಸದ್ದಿನಿಂದಲೇ ಹೊತ್ತು ತಿಳಿಯುತ್ತಿದ್ದ ಊರೊಂದಿತ್ತು. ಅಲ್ಲಿ ಎಲ್ಲರೂ ನೇಕಾರರು. ವರ್ಷದಲ್ಲಿ ಒಮ್ಮೆ ಹಳೆಯ ನೂಲು ಮುಗಿದು, ಹೊಸ ಹತ್ತಿ ನೂಲಾಗಿ ಬರುವವರೆಗೆ ಮಗ್ಗಗಳು ನಿಲ್ಲುತ್ತಿದ್ದವು. ಆ ಬಿಡುವಿನಲ್ಲಿ ಊರಿನವರು ಒಂದೊಂದು ದಿಕ್ಕಿಗೆ ಹೊರಡುತ್ತಿದ್ದರು. ಹೊರಡುವ ಮೊದಲು ಊರ ಮುಂದಿನ ಬೇವಿನ ಕಟ್ಟೆಯಲ್ಲಿ ಕೂತು, ಎಲ್ಲಿಗೆ ಹೋದರೆ ಚೆನ್ನ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ಕೇಳುವುದು ಸುಲಭವಾಗಿತ್ತು. ಹೇಳುವುದು ಸುಲಭವಿರಲಿಲ್ಲ. ಏಕೆಂದರೆ ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಯಾರು ಒಂದು ಜಾಗ ಹೇಳುತ್ತಾರೋ ಅವರೇ ಬುತ್ತಿಯನ್ನೂ ಕಟ್ಟಿಕೊಡಬೇಕು. ತಮ್ಮ ಮಗ್ಗದಲ್ಲಿ ನೇಯ್ದ ಬಟ್ಟೆಯಲ್ಲೇ ಕಟ್ಟಬೇಕು. ಹೋದವರು ಆ ಜಾಗವನ್ನು ಮುಟ್ಟಿದ ಮೇಲೆಯೇ ಗಂಟು ಬಿಚ್ಚಿ ಉಣ್ಣಬೇಕು. ತಿರುಗಿ ಬಂದಾಗ ಬಟ್ಟೆಯನ್ನು ಬರಿದಾಗಿ ಕೊಡಬಾರದು. ಅಲ್ಲಿಯ ಒಂದು ಎಲೆಯೋ ಕಲ್ಲೋ ಅದರಲ್ಲಿರಬೇಕು.

ಹಿಂದೆ ಯಾರೋ ಒಬ್ಬ, ತಾನು ನೋಡದ ಕೆರೆಯೊಂದನ್ನು ಬಾಯಿತುಂಬ ಹೊಗಳಿ ಒಬ್ಬ ಮುದುಕನನ್ನು ಅಲ್ಲಿಗೆ ಕಳಿಸಿದ್ದನಂತೆ. ಮುದುಕ ಹೋಗಿ ನೋಡಿದರೆ ಕೆರೆಯಲ್ಲಿ ದನ ಮೇಯುತ್ತಿದ್ದವು. ಆಗ ಊರಿನ ಹಿರಿಯರು ಈ ಪದ್ಧತಿ ಮಾಡಿದರು. ಬುತ್ತಿ ಕಟ್ಟುವುದೆಂದರೆ ಹಿಟ್ಟು ಖರ್ಚು, ಬಟ್ಟೆ ಖರ್ಚು, ಒಲೆಯ ಮುಂದೆ ಹೊತ್ತು ಖರ್ಚು. ಆಮೇಲೆ ತಾವು ಹೋಗಿ ಉಂಡು ಬಂದ ಜಾಗವನ್ನಲ್ಲದೆ ಬೇರೆಯದನ್ನು ಯಾರೂ ಹೇಳಲಿಲ್ಲ.

ಆ ಊರಿನಲ್ಲಿ ಒಬ್ಬ ನೇಕಾರನಿದ್ದ. ಒಳ್ಳೆಯ ಕೈ. ಅವನು ನೇಯ್ದ ಬಟ್ಟೆಯ ಅಂಚಿನಲ್ಲಿ ಎರಡು ಕೆಂಪು ಗೀರು. ಆ ಗೀರು ಎಲ್ಲಿಯೂ ಡೊಂಕಾಗಿದ್ದನ್ನು ಯಾರೂ ನೋಡಿರಲಿಲ್ಲ. ಊರುಗಳ ಸುದ್ದಿ ಕೇಳುವುದೆಂದರೆ ಅವನಿಗೆ ಪ್ರಾಣ. ಪರವೂರಿನಿಂದ ಬಂದವರನ್ನು ನಿಲ್ಲಿಸಿ, ನಿಮ್ಮ ಕಡೆ ಬಾವಿ ಎಷ್ಟು ಆಳ, ಎತ್ತಿನ ಕೊಂಬಿಗೆ ಏನು ಬಣ್ಣ ಹಚ್ಚುತ್ತಾರೆ ಎಂದು ಕೇಳುತ್ತಿದ್ದ. ಆದರೆ ಅವನು ಊರಿನ ಗಡಿಗಲ್ಲು ದಾಟಿದ್ದು ಒಮ್ಮೆಯೇ. ಅದೂ ಮದುವೆಗೆ.

ಮದುವೆಯಾಗಿ ಬಂದ ವರ್ಷವೇ ಅವನ ಹೆಂಡತಿ ಒಂದು ಜೊತೆ ಹೊಸ ಚಪ್ಪಲಿ ಮಾಡಿಸಿಕೊಂಡಿದ್ದಳು. ಮಗ್ಗ ನಿಂತಾಗ ಹೋಗುವುದಕ್ಕೆಂದು. ಅವು ಗೂಟಕ್ಕೆ ನೇತುಬಿದ್ದಿದ್ದವು.

ಆ ವರ್ಷ ನೇಕಾರ ಬೇವಿನ ಕಟ್ಟೆಗೆ ಹೋಗಿ ಇಬ್ಬರನ್ನು ಕೇಳಿದ. ಇಬ್ಬರೂ ಒಂದೊಂದು ಜಾಗ ಹೇಳಿದರು, ಒಂದೊಂದು ಬುತ್ತಿ ಕಟ್ಟಿಕೊಟ್ಟರು. ನೇಕಾರ ಎರಡೂ ಗಂಟುಗಳನ್ನು ಜಗುಲಿಯ ಮೇಲಿಟ್ಟು ಯೋಚಿಸಿದ. ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಪೂರ್ವಕ್ಕೆ ಹೋದರೆ ಪಶ್ಚಿಮ ತಪ್ಪುತ್ತದೆ. ಪಶ್ಚಿಮಕ್ಕೆ ಹೋದರೆ ಪೂರ್ವ ತಪ್ಪುತ್ತದೆ. ಯೋಚಿಸುತ್ತಿರುವಾಗಲೇ ಮೊಸರನ್ನ ಹುಳಿಯಾಯಿತು. ಹಾಳುಮಾಡಬಾರದೆಂದು ಗಂಡ ಹೆಂಡತಿ ಜಗುಲಿಯಲ್ಲೇ ಕೂತು ಉಂಡರು. ಬಟ್ಟೆಗಳನ್ನು ಒಗೆದು, ಮಡಿಸಿ, ಬರಿದಾಗಿ ತಿರುಗಿ ಕೊಟ್ಟರು.

ಮರುವರ್ಷ ನೇಕಾರ ಇನ್ನೂ ಹುಷಾರಾದ. ಸರಿಯಾಗಿ ಆರಿಸಬೇಕಾದರೆ ಇನ್ನಷ್ಟು ಜನರನ್ನು ಕೇಳಬೇಕು ಎಂದುಕೊಂಡ. ಕೇಳಿದಷ್ಟೂ ಗಂಟು ಬಂದವು. ಗಂಟು ಹೆಚ್ಚಿದಷ್ಟೂ ಆರಿಸುವುದು ಕಷ್ಟವಾಯಿತು. ಆ ವರ್ಷವೂ ಬುತ್ತಿಗಳು ಮನೆಯಲ್ಲೇ ಕರಗಿದವು.

“ನಮ್ಮ ಬುತ್ತಿ ನಿಮ್ಮ ಹಿತ್ತಿಲಿಗೆ ಯಾತ್ರೆ ಹೋಗಿ ಬಂತಲ್ಲ, ಸುಖವಾಗಿತ್ತೇ?” ಎಂದು ಎದುರುಮನೆಯವನು ಬಟ್ಟೆ ತೆಗೆದುಕೊಳ್ಳುತ್ತ ಕೇಳಿದ.

ಆ ಊರಿಗೆ ಹಿರಿಯಳಾಗಿದ್ದವಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಅವಳು ನಗಲಿಲ್ಲ. “ನೋಡಪ್ಪ,” ಎಂದಳು. “ಒಂದು ಸಲ ಆಗುತ್ತದೆ, ಎರಡು ಸಲ ಆಗುತ್ತದೆ. ಮೂರನೆಯ ಸಲವೂ ದಾರಿಯ ಬುತ್ತಿ ದಾರಿ ಕಾಣದೆ ಹೋದರೆ, ಈ ಊರಿನಲ್ಲಿ ನಿನಗೆ ಯಾರೂ ದಾರಿ ಹೇಳುವುದಿಲ್ಲ. ನಿನ್ನ ಮುಂದೆ ಊರುಗಳ ಮಾತನ್ನೇ ಆಡುವುದಿಲ್ಲ.”

ನೇಕಾರ ಹೆದರಿದ. ಅನ್ನ ನೀರು ಕೊಡುವುದಿಲ್ಲ ಎಂದಿದ್ದರೂ ಅವನು ಅಷ್ಟು ಹೆದರುತ್ತಿರಲಿಲ್ಲ. ಊರುಗಳ ಮಾತಿಲ್ಲದೆ ಬದುಕುವುದು ಹೇಗೆ?

ಮೂರನೆಯ ವರ್ಷ ಮಗ್ಗ ನಿಂತವು. ನೇಕಾರ ಬೇವಿನ ಕಟ್ಟೆಗೆ ಹೋದ.

ನೂಲಿಗೆ ಬಣ್ಣ ಹಾಕುವವನು ಹೇಳಿದ: “ಎರಡು ನದಿ ಕೂಡುವ ಜಾಗಕ್ಕೆ ಹೋಗು. ಒಂದು ಕೆಂಪು, ಒಂದು ಹಸಿರು. ಕೂಡಿದ ಮೇಲೂ ಬೆರೆಯದೆ ಬಹುದೂರ ಪಕ್ಕಪಕ್ಕದಲ್ಲೇ ಹರಿಯುತ್ತವೆ.”

ಎದುರುಮನೆಯವನು ಹೇಳಿದ: “ಗಂಟೆಯ ಹಾಗೆ ಸದ್ದು ಮಾಡುವ ಬಂಡೆಯೊಂದಿದೆ, ಬೆಟ್ಟದ ನೆತ್ತಿಯಲ್ಲಿ. ಕಲ್ಲಿನಿಂದ ಬಡಿದು ಕಿವಿ ಇಟ್ಟು ಕೇಳು. ಹಿತ್ತಿಲಲ್ಲಿ ಅಂಥದ್ದು ಸಿಗುವುದಿಲ್ಲ.”

ಮಗ್ಗಕ್ಕೆ ಹಾಸುನೂಲು ಹೂಡುವವಳು ಹೇಳಿದಳು: “ಹಕ್ಕಿಗಳ ಕೆರೆಗೆ ಹೋಗಿ, ಅಣ್ಣ. ಎಲ್ಲಿಂದಲೋ ಬರುತ್ತವೆ. ಮರ ಕಾಣುವುದಿಲ್ಲ, ಹಕ್ಕಿಯೇ ಕಾಣುತ್ತದೆ. ಅತ್ತಿಗೆಯನ್ನೂ ಕರೆದುಕೊಂಡು ಹೋಗಿ.”

ದೊಡ್ಡವ್ವ ಕೊನೆಗೆ ಬಾಯಿ ಬಿಟ್ಟಳು. “ಸಮುದ್ರ,” ಎಂದಳು. ಮತ್ತೇನೂ ಹೇಳಲಿಲ್ಲ.

ನೇಕಾರ ಒಬ್ಬೊಬ್ಬರನ್ನೂ ಬಿಡದೆ ಕೇಳಿದ. ನೀರು ತಣ್ಣಗಿರುತ್ತದೆಯೇ? ಮಲಗುವುದು ಎಲ್ಲಿ? ಸೊಳ್ಳೆ ಇದೆಯೇ? ಬೆಳಗ್ಗೆ ಚೆನ್ನವೋ ಸಂಜೆ ಚೆನ್ನವೋ? ದೊಡ್ಡವ್ವನ ಹೊರತು ಉಳಿದವರು ಸಾಕಾಗುವವರೆಗೆ ಹೇಳಿದರು. ಮಾರನೆಯ ದಿನ ನಾಲ್ಕು ಮನೆಯಿಂದ ನಾಲ್ಕು ಗಂಟು ಬಂದವು. ಹತ್ತಿರದ ಜಾಗಕ್ಕೆ ಚಿತ್ರಾನ್ನ, ದೂರದ ಜಾಗಕ್ಕೆ ಒಣರೊಟ್ಟಿ ಮತ್ತು ಚಟ್ನಿಪುಡಿ. ನೋಡಿದ ಕೂಡಲೇ ಯಾರ ಗಂಟು ಯಾವುದೆಂದು ಅಂಚಿನಿಂದಲೇ ತಿಳಿಯುತ್ತಿತ್ತು. ರುದ್ರಾಕ್ಷಿ ಅಂಚಿನದು ದೊಡ್ಡವ್ವನದು.

“ಯಾವುದಾದರೂ ಸರಿ, ಹೋಗೋಣ ನಡೆಯಿರಿ,” ಎಂದಳು ಹೆಂಡತಿ.

“ಯಾವುದಾದರೂ ಎಂದರೆ ಹೇಗೆ? ಒಮ್ಮೆ ಹೋಗುವುದು. ಅತ್ಯುತ್ತಮವಾದುದಕ್ಕೇ ಹೋಗಬೇಕಲ್ಲ?”

“ಅತ್ಯುತ್ತಮವಾದುದು ಯಾವುದು?”

“ಅದು ಗೊತ್ತಿದ್ದರೆ ಇಷ್ಟು ಹೊತ್ತಿಗೆ ಹೊರಟಿರುತ್ತಿದ್ದೆ.”

ಹೆಂಡತಿ ಗೂಟದಿಂದ ಚಪ್ಪಲಿ ತೆಗೆದಳು. ಧೂಳು ಕೊಡವಿ ಕಾಲಿಗೆ ಹಾಕಿಕೊಂಡಳು. ನಾಲ್ಕೂ ಗಂಟುಗಳನ್ನು ಬುಟ್ಟಿಗೆ ಹಾಕಿ ತಲೆಯ ಮೇಲಿಟ್ಟುಕೊಂಡು ಅಂಗಳಕ್ಕಿಳಿದಳು. ನೇಕಾರನಿಗೆ ಹಿಂದೆ ಹೋಗದೆ ದಾರಿಯಿರಲಿಲ್ಲ.

ಗಡಿಗಲ್ಲು ದಾಟಿ ಹರದಾರಿ ನಡೆದರೆ ಒಂದು ಕಲ್ಲಿನ ಮಂಟಪ. ಪಕ್ಕದಲ್ಲಿ ಸಿಹಿನೀರ ಬಾವಿ. ಅಲ್ಲಿಂದ ದಾರಿ ನಾಲ್ಕಾಗಿ ಒಡೆಯುತ್ತಿತ್ತು. ನೇಕಾರ ಮಂಟಪದ ಮೆಟ್ಟಿಲ ಮೇಲೆ ಕೂತ. ಸಮುದ್ರವನ್ನು ನೆನೆದರೆ ಕಿವಿಯಲ್ಲಿ ಬಂಡೆ ಬಾರಿಸಿತು. ಬಂಡೆಯ ಕಡೆಗೆ ಏಳೋಣವೆಂದರೆ ಕಣ್ಣಮುಂದೆ ಹಕ್ಕಿಗಳು ಹಾರಿದವು. ಒಂದನ್ನು ಆರಿಸುವುದೆಂದರೆ ಉಳಿದ ಮೂರನ್ನು ಕಳೆದುಕೊಳ್ಳುವುದು ಎಂದೇ ಅವನಿಗೆ ತೋರಿತು. ಅವನು ಏಳಲಿಲ್ಲ.

ಆಗ ಒಬ್ಬ ರೈತ ತನ್ನ ಹೆಂಡತಿಯೊಂದಿಗೆ ಅಲ್ಲಿಗೆ ಬಂದ. ನೀರು ಸೇದಿ ಕುಡಿದ. “ಸುಗ್ಗಿ ಮುಗಿಯಿತು. ಎಲ್ಲಿಗಾದರೂ ಹೋಗಿ ಬರೋಣ ಎಂದು ಹೊರಟಿದ್ದೇವೆ. ಈ ಕಡೆ ನೋಡುವಂಥದ್ದು ಏನಿದೆ, ಯಜಮಾನರೇ?” ಎಂದು ಕೇಳಿದ.

ನೇಕಾರನ ಮುಖ ಅರಳಿತು. ಕೇಳುವವನಾಗಿಯೇ ಅಷ್ಟು ವರ್ಷ ಕಳೆದಿದ್ದವನನ್ನು ಯಾರೋ ಕೇಳಿದ್ದರು. ಅವನು ಸಮುದ್ರದ ಬಗ್ಗೆ ಹೇಳತೊಡಗಿದ. ದೊಡ್ಡವ್ವ ಹೇಳಿದ್ದು ಒಂದೇ ಮಾತು. ಆದರೆ ಅವನು ದಾರಿಹೋಕರಿಂದ ಬೇಕಾದಷ್ಟು ಕೇಳಿಟ್ಟುಕೊಂಡಿದ್ದ. ಅಲೆ ಹೇಗೆ ಏಳುತ್ತದೆ, ಮರಳು ಕಾಲಡಿಯಿಂದ ಹೇಗೆ ಜಾರುತ್ತದೆ, ಸೂರ್ಯ ನೀರಿಗಿಳಿಯುವಾಗ ಎಷ್ಟು ದೊಡ್ಡದಾಗಿ ಕಾಣುತ್ತಾನೆ. ರೈತನ ಹೆಂಡತಿ ಕೊಡವನ್ನು ಕೆಳಗಿಟ್ಟು ಕೇಳಿದಳು.

“ಅಲ್ಲಿಗೇ ಹೋಗೋಣ,” ಎಂದಳು.

ದಾರಿ ಹೇಳಿದ ಮೇಲೆ ಬುತ್ತಿ ಕೊಡಬೇಕಲ್ಲ. ನೇಕಾರ ಬುಟ್ಟಿಯಿಂದ ರುದ್ರಾಕ್ಷಿ ಅಂಚಿನ ಗಂಟು ತೆಗೆದು ಕೊಟ್ಟ. “ಅಲ್ಲಿಗೆ ಹೋದ ಮೇಲೆಯೇ ಬಿಚ್ಚಿ. ಬರುವಾಗ ಬಟ್ಟೆಯಲ್ಲಿ ಏನಾದರೂ ಕಟ್ಟಿಕೊಂಡು ಇದೇ ಮಂಟಪಕ್ಕೆ ಬನ್ನಿ. ನಾನಿಲ್ಲೇ ಇರುತ್ತೇನೆ.”

ಅವರು ಹೋದರು. ಹೆಂಡತಿ ಕೇಳಿದಳು: “ಇಲ್ಲೇ ಇರುತ್ತೀರಾ?”

ನೇಕಾರನಿಗೆ ಒಂದು ಉಪಾಯ ಹೊಳೆದಿತ್ತು. “ನೀನೇ ಯೋಚಿಸು. ನಾವು ಹೋದರೆ ಒಂದೇ ಊರಿಗೆ ಹೋಗಬಹುದು. ಇಲ್ಲಿ ಕೂತರೆ ನಾಲ್ಕನ್ನೂ ತಿಳಿಯಬಹುದು. ಹೋದವರು ಬಂದು ಎಲ್ಲವನ್ನೂ ಹೇಳುತ್ತಾರೆ. ಬಟ್ಟೆಯೂ ತುಂಬಿ ಬರುತ್ತದೆ. ಮೂರನೆಯ ಸಲ ಎಂಬ ಭಯವೂ ಇಲ್ಲ. ಇದಕ್ಕಿಂತ ಜಾಣತನ ಏನಿದೆ?”

ಹೆಂಡತಿ ಕಾಲಿನ ಹೊಸ ಚಪ್ಪಲಿಯನ್ನು ನೋಡಿಕೊಂಡಳು. ಬುಟ್ಟಿಯಲ್ಲಿ ಇನ್ನೂ ಮೂರು ಗಂಟುಗಳಿದ್ದವು.

ಅದೇ ದಿನ ಒಬ್ಬ ವ್ಯಾಪಾರಿ ಬಂದ. ಅವನಿಗೆ ನೇಕಾರ ಗಂಟೆಬಂಡೆಯನ್ನು ಹೇಳಿದ. ಇಬ್ಬರು ಅಣ್ಣತಮ್ಮಂದಿರು ಬಂದರು. ಅವರಿಗೆ ಹಕ್ಕಿಗಳ ಕೆರೆಯನ್ನು ಹೇಳಿದ. ಅಣ್ಣನಿಗೆ ಬೆಟ್ಟ ಬೇಕು, ತಮ್ಮನಿಗೆ ಕೆರೆ ಬೇಕು ಎಂದು ಅವರು ಜಗಳವಾಡುತ್ತ ಬಂದಿದ್ದರು. ನೇಕಾರ ಹೇಳಿದ್ದನ್ನು ಕೇಳಿ ಇಬ್ಬರೂ ಒಪ್ಪಿ ಕೆರೆಯ ದಾರಿ ಹಿಡಿದರು. ಹೊತ್ತು ಇಳಿಯುವಾಗ ಒಬ್ಬ ಕಮ್ಮಾರ ಬಂದ. ಬುಟ್ಟಿಯಲ್ಲಿ ಉಳಿದಿದ್ದು ನದಿಯ ಗಂಟು ಒಂದೇ.

“ಇದೊಂದನ್ನು ಉಳಿಸಿ,” ಎಂದಳು ಹೆಂಡತಿ. “ನಾವು ನದಿಗಾದರೂ ಹೋಗೋಣ. ಬೇರೆಯೇನೂ ಕೇಳುವುದಿಲ್ಲ.”

ನೇಕಾರ ಗಂಟನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತ. ಅದನ್ನು ಕೊಟ್ಟರೆ ನಾಲ್ಕು ಊರು. ಉಳಿಸಿಕೊಂಡರೆ ಒಂದೇ, ಉಳಿದ ಮೂರು ಕಡೆಗೆ ಹೋದವರು ಯಾವಾಗ ಬಂದು ಯಾವಾಗ ಹೋಗುತ್ತಾರೋ ತಿಳಿಯುವುದೇ ಇಲ್ಲ. ಅವನು ಅದನ್ನು ಕಮ್ಮಾರನಿಗೆ ಕೊಟ್ಟುಬಿಟ್ಟ.

ಅಲ್ಲಿಂದ ಮುಂದೆ ಗಂಡ ಹೆಂಡತಿ ಮಂಟಪದಲ್ಲೇ ಇದ್ದರು. ಸಮೀಪದ ಹಳ್ಳಿಯಿಂದ ಹಿಟ್ಟು ತಂದು ಅವಳು ಮೂರು ಕಲ್ಲಿನ ಒಲೆಯಲ್ಲಿ ಅಂಬಲಿ ಕಾಯಿಸುತ್ತಿದ್ದಳು. ಅವನು ನಾಲ್ಕು ದಾರಿಗಳ ಕಡೆಗೂ ಕಣ್ಣು ನೆಟ್ಟು ಕೂತಿರುತ್ತಿದ್ದ.

ಮೊದಲು ಬಂದವನು ಕಮ್ಮಾರ. ಆಮೇಲೆ ಅಣ್ಣತಮ್ಮಂದಿರು. ಆಮೇಲೆ ವ್ಯಾಪಾರಿ. ಎಲ್ಲರೂ ಕೊಟ್ಟ ಮಾತಿನಂತೆ ಬಟ್ಟೆ ತಂದರು. ಕಮ್ಮಾರ ಕೆಂಪು, ಹಸಿರು ಎರಡು ಹರಳು ತಂದ. ಅಣ್ಣತಮ್ಮಂದಿರು ಒಂದು ಗರಿ ತಂದರು. ವ್ಯಾಪಾರಿ ಬಂಡೆಯ ಚಕ್ಕೆ ತಂದ. ನೇಕಾರ ಪ್ರತಿಯೊಬ್ಬರನ್ನೂ ಕೂರಿಸಿ ಅಂಬಲಿ ಕೊಟ್ಟು ಕೇಳಿದ. ಅವನು ಕೇಳುವುದನ್ನು ನೋಡಿದರೆ ಹಿಂಜಿದ ಹತ್ತಿಯಲ್ಲಿ ಕಾಳು ಉಳಿಯದಂತೆ ಹುಡುಕುವವನ ಹಾಗಿತ್ತು. ಬಂಡೆಯನ್ನು ಯಾವ ಕಡೆ ಬಡಿದರೆ ಯಾವ ಸದ್ದು? ಗರಿ ನೆಲದಲ್ಲಿ ಸಿಕ್ಕಿತೋ ನೀರಿನಲ್ಲೋ? ವ್ಯಾಪಾರಿ ಬೇಸತ್ತು, “ಸ್ವಾಮಿ, ಇಷ್ಟು ಹೇಳುವುದಕ್ಕಿಂತ ಇನ್ನೊಮ್ಮೆ ಬೆಟ್ಟ ಹತ್ತುವುದೇ ಮೇಲು,” ಎಂದು ಎದ್ದು ಹೋದ.

ಕೊನೆಗೆ ರೈತ ಮತ್ತು ಅವನ ಹೆಂಡತಿ ಬಂದರು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಇಬ್ಬರೂ ನಗುತ್ತಿದ್ದರು. ರುದ್ರಾಕ್ಷಿ ಅಂಚಿನ ಬಟ್ಟೆಯಲ್ಲಿ ಒಂದು ಶಂಖವಿತ್ತು.

“ನಿಮ್ಮ ಬುತ್ತಿಯ ಸಂಗತಿ ಹೇಳಬೇಕು, ಯಜಮಾನರೇ,” ಎಂದು ರೈತನ ಹೆಂಡತಿ ಶುರುಮಾಡಿದಳು. “ಅಲ್ಲಿ ದಂಡೆಯಲ್ಲಿ ಕೂತು ಗಂಟು ಬಿಚ್ಚಿ ಒಂದು ತುತ್ತು ಬಾಯಿಗಿಟ್ಟರೆ...”

“ಬುತ್ತಿ ಇರಲಿ, ತಾಯಿ,” ಎಂದ ನೇಕಾರ. “ರೊಟ್ಟಿ ಎಲ್ಲಿಯಾದರೂ ರೊಟ್ಟಿಯೇ. ಅಲೆಯ ಬಣ್ಣ ಹೇಳಿ. ಹತ್ತಿರದಲ್ಲಿ ಯಾವ ಬಣ್ಣ, ದೂರದಲ್ಲಿ ಯಾವ ಬಣ್ಣ?”

ಅವಳು ಬಣ್ಣ ಹೇಳಿದಳು. ನೇಕಾರನ ಹೆಂಡತಿ ಒಲೆಯ ಪಕ್ಕದಲ್ಲಿ ಕೂತು ಅವಳ ಚಪ್ಪಲಿಯನ್ನು ನೋಡುತ್ತಿದ್ದಳು. ಹಿಮ್ಮಡಿ ಸವೆದು ಹಾಳೆಯಾಗಿತ್ತು. ಸಂದಿನಲ್ಲಿ ಮರಳು ಇನ್ನೂ ಅಂಟಿಕೊಂಡಿತ್ತು.

ಹೊಸ ನೂಲು ಬಂದಿತು. ಹೋದವರೆಲ್ಲ ಊರಿಗೆ ಮರಳಿದರು. ಮಗ್ಗ ಹೂಡುವ ಹಿಂದಿನ ದಿನ ಎಲ್ಲರೂ ಬೇವಿನ ಕಟ್ಟೆಯಲ್ಲಿ ಕೂಡಿ ಬಟ್ಟೆಗಳನ್ನು ತಿರುಗಿ ಕೊಡುವುದು ವಾಡಿಕೆ. ನೇಕಾರ ನಾಲ್ಕು ಬಟ್ಟೆಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೇ ಬಿಚ್ಚಿದ. ಹರಳು, ಗರಿ, ಚಕ್ಕೆ, ಶಂಖ.

ಜನ ಬೆರಗಾದರು. ಒಂದೇ ಬಿಡುವಿನಲ್ಲಿ ನಾಲ್ಕು ಕಡೆ ಹೋಗಿ ಬಂದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

“ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೆಯೋ?” ಎಂದ ಎದುರುಮನೆಯವನು. ಅವನಿಗೆ ನಂಬಿಕೆ ಬರಲಿಲ್ಲ. “ಹಾಗಾದರೆ ಹೇಳು, ಬಂಡೆಯ ಬಳಿ ಒಬ್ಬ ಮುದುಕಿ ಮಜ್ಜಿಗೆ ಕೊಡುತ್ತಾಳಲ್ಲ, ಯಾವ ಕಡೆ ಕೂತಿರುತ್ತಾಳೆ?”

“ಮುದುಕಿ ಹೋಗಿಬಿಟ್ಟಳಂತೆ. ಈಗ ಅವಳ ಸೊಸೆ ಇದ್ದಾಳೆ. ಮೆಟ್ಟಿಲಿನ ಎಡಕ್ಕೆ, ಆಲದ ನೆರಳಿನಲ್ಲಿ.”

ಬಣ್ಣ ಹಾಕುವವನು ಕೇಳಿದ, ಹಾಸು ಹೂಡುವವಳು ಕೇಳಿದಳು. ನೇಕಾರ ಒಂದಕ್ಕೂ ತಡವರಿಸಲಿಲ್ಲ. ಅವರು ಮರೆತಿದ್ದನ್ನೂ ಅವನು ಹೇಳಿದ. ಹೇಳುತ್ತ ಹೇಳುತ್ತ, ತಾನು ಎಲ್ಲಿಗೂ ಹೋಗಿಲ್ಲ ಎಂಬುದು ಅವನಿಗೇ ಮರೆತುಹೋಗತೊಡಗಿತು.

ಕೊನೆಗೆ ದೊಡ್ಡವ್ವ ಶಂಖವನ್ನು ಕೈಗೆ ತೆಗೆದುಕೊಂಡು ಕಿವಿಗೆ ಹಿಡಿದಳು. ಸಂತೋಷಪಟ್ಟಳು. ಆಮೇಲೆ ಕೇಳಿದಳು:

“ನನ್ನ ಬುತ್ತಿಗೆ ಉಪ್ಪು ಹೇಗಿತ್ತಪ್ಪ?”

ಅಡುಗೆ ಮಾಡಿದ ಹಿರಿಯರು ಕೇಳಿದರೆ ಎಲ್ಲರೂ ಹೇಳುವುದನ್ನೇ ನೇಕಾರ ಹೇಳಿದ. “ಹದವಾಗಿತ್ತು, ದೊಡ್ಡವ್ವ. ನೀವು ಕೈಯಾರೆ ಹಾಕಿದ ಉಪ್ಪು ಹೆಚ್ಚುಕಡಿಮೆ ಆಗುವುದುಂಟೇ?”

ದೊಡ್ಡವ್ವ ಶಂಖವನ್ನು ಕೆಳಗಿಟ್ಟಳು.

“ನಾನು ಉಪ್ಪು ಹಾಕಿರಲಿಲ್ಲ,” ಎಂದಳು. “ರೊಟ್ಟಿಗೂ ಹಾಕಿರಲಿಲ್ಲ, ಚಟ್ನಿಪುಡಿಗೂ ಹಾಕಿರಲಿಲ್ಲ. ಸಮುದ್ರಕ್ಕೆ ಹೋಗುವವರಿಗೆ ನಾನು ಯಾವತ್ತೂ ಹಾಕುವುದಿಲ್ಲ. ಮೊದಲ ತುತ್ತು ಸಪ್ಪೆ. ಹೋದವರು ನನ್ನನ್ನು ಬೈದುಕೊಳ್ಳುತ್ತಾರೆ. ಅಷ್ಟರಲ್ಲಿ ಗಾಳಿ ಬೀಸುತ್ತದೆ. ನಾಲಗೆಯಿಂದ ತುಟಿ ಸವರಿಕೊಂಡರೆ ಉಪ್ಪು. ಎರಡನೆಯ ತುತ್ತಿಗೆ ರುಚಿ ಬಂದಿರುತ್ತದೆ. ಅಲ್ಲಿಂದ ಬಂದವರೆಲ್ಲ ಮೊದಲು ನನಗೆ ಅದನ್ನೇ ಹೇಳಿ ನಗುತ್ತಾರೆ. ನೀನು ಶಂಖ ತಂದೆ, ಅಲೆಯ ಬಣ್ಣ ತಂದೆ. ಅದನ್ನು ತರಲಿಲ್ಲ.”

ನೇಕಾರನಿಗೆ ಮಂಟಪದಲ್ಲಿ ರೈತನ ಹೆಂಡತಿ ಅರ್ಧಕ್ಕೆ ನಿಲ್ಲಿಸಿದ ಮಾತು ನೆನಪಾಯಿತು. ಒಂದು ತುತ್ತು ಬಾಯಿಗಿಟ್ಟರೆ ಎಂದಿದ್ದಳು. ಅವನು ತಲೆ ತಗ್ಗಿಸಿದ. ನಡೆದದ್ದನ್ನೆಲ್ಲ ಹೇಳಿಬಿಟ್ಟ.

ದೊಡ್ಡವ್ವ ಹೇಳಿದ ಮಾತಿಗೆ ತಪ್ಪಲಿಲ್ಲ. ಆ ದಿನದಿಂದ ಆ ಊರಿನಲ್ಲಿ ಅವನಿಗೆ ಯಾರೂ ಊರುಗಳ ಮಾತು ಹೇಳಲಿಲ್ಲ. ಮಿಕ್ಕ ಮಾತೆಲ್ಲ ಇತ್ತು. ನೂಲು ಹೇಗಿದೆ ಎನ್ನುತ್ತಿದ್ದರು, ಬೆನ್ನುನೋವು ಹೇಗಿದೆ ಎನ್ನುತ್ತಿದ್ದರು. ಆದರೆ ಅವನು ಹತ್ತಿರ ಬಂದರೆ ನದಿ, ಬೆಟ್ಟ, ಕೆರೆಗಳು ಬಾಯಲ್ಲೇ ನಿಂತುಬಿಡುತ್ತಿದ್ದವು. ಪರವೂರಿನವರಿಗೂ ಸುದ್ದಿ ಮುಟ್ಟಿ ಅವರೂ ಅವನ ಮನೆಯ ಮುಂದೆ ಬಿರುಸಾಗಿ ಹೆಜ್ಜೆ ಹಾಕಿ ದಾಟಿಹೋಗುತ್ತಿದ್ದರು. ಆ ವರ್ಷ ಅವನ ಮಗ್ಗದಲ್ಲಿ ಮೊದಲ ಸಲ ಕೆಂಪು ಗೀರು ಡೊಂಕಾಯಿತು.

ಮತ್ತೆ ಮಗ್ಗ ನಿಲ್ಲುವ ಕಾಲ ಬಂದಿತು. ಬೇವಿನ ಕಟ್ಟೆಯಲ್ಲಿ ಜನ ಕೂಡಿದರು. ನೇಕಾರ ಅಲ್ಲಿಗೆ ಹೋಗಲಿಲ್ಲ. ಜಗುಲಿಯ ಮೇಲೆ ಕೂತಿದ್ದ. ಜಗುಲಿ ಖಾಲಿಯಾಗಿತ್ತು. ಯಾರ ಮನೆಯಿಂದಲೂ ಗಂಟು ಬರುವುದಿರಲಿಲ್ಲ.

ಒಳಗಿನಿಂದ ಹೆಂಡತಿ ಬಂದಳು. ಕೈಯಲ್ಲಿ ಒಂದು ಗಂಟು. ಅದರ ಅಂಚಿನಲ್ಲಿ ಎರಡು ಕೆಂಪು ಗೀರು. ಅವರದೇ ಮಗ್ಗದ ಬಟ್ಟೆ, ಗೀರು ಡೊಂಕಾಗಿದ್ದ ಬಟ್ಟೆ. ಅವಳು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದಳು.

“ಎಲ್ಲಿಗೆ?” ಎಂದು ನೇಕಾರ ಕೇಳಿದ.

“ಹೇಳುವುದಿಲ್ಲ.”

“ದಾರಿಯಾದರೂ ಗೊತ್ತೇ?”

“ಇಲ್ಲ.”

“ಊರಿನ ಹೆಸರಾದರೂ ಹೇಳಬಾರದೇ?”

“ಹೆಸರು ಹೇಳಿದರೆ ನೀವು ಇಲ್ಲಿ ಕೂತೇ ನೋಡಿಬಿಡುತ್ತೀರಿ,” ಎಂದಳು ಅವಳು. “ಏಳಿ.”

ಅವಳು ಹಿಂತಿರುಗಿ ನೋಡದೆ ನಡೆದಳು. ನೇಕಾರ ಅವಳು ತಿರುವು ದಾಟುವವರೆಗೆ ಕೂತಿದ್ದ. ಆಮೇಲೆ ಓಡಿದ. ಮೇಲುಬಟ್ಟೆ ಹೊದೆಯುವುದನ್ನೂ ಮರೆತಿದ್ದ.

ಕಲ್ಲಿನ ಮಂಟಪದ ಬಳಿ ನಾಲ್ಕು ದಾರಿಗಳಿದ್ದವು. ಅವಳು ಅಲ್ಲಿ ನಿಲ್ಲಲಿಲ್ಲ. ಒಂದನ್ನು ಹಿಡಿದಳು. ಅವನು ಹಿಂದೆ ಹೋದ.

ಹೊಸ ನೂಲು ಬಂದ ದಿನ ಅವರು ಊರಿಗೆ ಮರಳಿದರು. ಹೆಂಡತಿಯ ಚಪ್ಪಲಿಯ ಉಂಗುಟ ಹರಿದಿತ್ತು. ಅವಳು ಅವನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಬಂದಳು. ಬೇವಿನ ಕಟ್ಟೆಯ ಮುಂದೆ ಹಾದು ಹೋಗುವಾಗ ಜನ ತಡೆಯಲಾರದೆ ಎದ್ದು ನಿಂತರು. ಇಷ್ಟು ವರ್ಷ ಎಲ್ಲರನ್ನೂ ಕೇಳುತ್ತಿದ್ದವನನ್ನು ಈಗ ಎಲ್ಲರೂ ಕೇಳಬೇಕೆಂದಿದ್ದರು. ಆದರೆ ದೊಡ್ಡವ್ವನ ಮಾತಿತ್ತು. ಯಾರೂ ಬಾಯಿ ತೆರೆಯಲಿಲ್ಲ. ದೊಡ್ಡವ್ವನೇ ಕೇಳಿದಳು:

“ಬುತ್ತಿ ಹೇಗಿತ್ತಪ್ಪ?”

ನೇಕಾರ ಹೆಂಡತಿಯ ಮುಖ ನೋಡಿದ. “ಚಟ್ನಿಗೆ ಖಾರ ಹೆಚ್ಚಾಗಿತ್ತು, ದೊಡ್ಡವ್ವ. ನೀರು ಸಿಗುವ ಜಾಗವಲ್ಲ ಅದು. ಕಣ್ಣಲ್ಲಿ ನೀರು ಬಂತು.”

“ಬಂದರೇನು? ನನ್ನ ಪಾಲನ್ನೂ ತಿಂದಿರಿ,” ಎಂದಳು ಹೆಂಡತಿ.

ದೊಡ್ಡವ್ವ ನಕ್ಕಳು. ಕಣ್ಣೊರೆಸಿಕೊಳ್ಳುವವರೆಗೆ ನಕ್ಕಳು. “ನಾಳೆಯಿಂದ ಇವನ ಜೊತೆ ಊರುಗಳ ಮಾತಾಡಬಹುದು,” ಎಂದು ಎಲ್ಲರಿಗೂ ಹೇಳಿದಳು.

ದೇವಲವ್ವೆಯವರು ಅಲ್ಲಿಗೆ ಕತೆ ನಿಲ್ಲಿಸಿದರು. ಮೆಟ್ಟಿಲ ಮೇಲಿದ್ದ ಶಿಷ್ಯರೂ ಮಾತು ಬಿಟ್ಟು ಕೇಳುತ್ತಿದ್ದರು. ಪಾಯಣ್ಣ ಇನ್ನೂ ಏನೋ ಬರಲಿದೆ ಎಂಬಂತೆ ಮುಂದಕ್ಕೆ ಬಾಗಿ ಕೂತಿದ್ದ. ಏನೂ ಬರಲಿಲ್ಲ.

“ಗುರುಗಳೇ,” ಎಂದ ಅವನು, “ಅವರಿಬ್ಬರೂ ಹೋದದ್ದು ಎಲ್ಲಿಗೆ?”

ದೇವಲವ್ವೆಯವರು ಎದ್ದು ಸೆರಗು ಸರಿಮಾಡಿಕೊಂಡರು.

“ಹೇಳಿದರೆ ನಾನೂ ನಿನಗೊಂದು ಬುತ್ತಿ ಕಟ್ಟಬೇಕಾಗುತ್ತದೆ, ಪಾಯಣ್ಣ. ಆ ಕೋಲು, ಕೊಡೆ, ಕಂಬಳಿಗಳ ಜೊತೆ ಅದನ್ನೂ ಇಡಲು ನಿನ್ನ ಕೋಣೆಯಲ್ಲಿ ಇನ್ನೂ ಜಾಗವಿದೆಯೇ?”